‘ಪಾಪ’ ಎಂಬ ಪೆನ್ಸಿಲ್ ಬರಹ

ನಮ್ಮೂರಿನ ಬಸ್ ನಿಲ್ದಾಣದ ಎದುರಿಗೆ ಬಾಡಿಗೆಗೆ ಕಾದಂಬರಿ ಕೊಡುವ ಪುಟ್ಟ ಅಂಗಡಿಯಿತ್ತು. ದಿನಕ್ಕೆ 10 ಪೈಸೆ. ತ್ರಿವೇಣಿ, ಎಂ.ಕೆ. ಇಂದಿರಾ, ಅನುಪಮಾ ನಿರಂಜನ ಎಲ್ಲರೂ ಒಂದೇ ಬಣ್ಣದ ಕಂದು ಕಾಗದ ತೊಟ್ಟು ಸಾಲಾಗಿ ನಿಂತಿರುತ್ತಿದ್ದರು. ಮನೆಗೆ ಬಂದ ಪುಸ್ತಕ ಮೊದಲು ಅಮ್ಮನಿಗೆ, ಆಮೇಲೆ ಅಕ್ಕನಿಗೆ. ಅಕ್ಕ ಸ್ನಾನಕ್ಕೆ ಹೋದಾಗ ನನಗೆ, ಅದೂ ಚರಿತ್ರೆ ಪುಸ್ತಕದ ಮರೆಯಲ್ಲಿ. ನೀವೂ ಹಾಗೆ ಓದಿದವರೇ ಅಲ್ಲವೇ?

ಆ ಪುಸ್ತಕಗಳ ಅಂಚಿನಲ್ಲಿ ನಮಗಿಂತ ಮೊದಲು ಓದಿದವರ ತೀರ್ಪುಗಳಿರುತ್ತಿದ್ದವು. ‘ಬೆಳ್ಳಿಮೋಡ’ದಲ್ಲಿ ಇಂದಿರಾ ಮೋಹನನನ್ನು ನಿರಾಕರಿಸಿದ ಕಡೆ ಒಬ್ಬಾಕೆ ‘ಸರಿಯಾಗಿ ಮಾಡಿದಳು’ ಎಂದು ಬರೆದಿದ್ದರೆ, ಇನ್ನೊಬ್ಬಾಕೆ ಅದರ ಕೆಳಗೇ ‘ಕ್ಷಮಿಸಬಹುದಿತ್ತು’ ಎಂದಿದ್ದಳು. ಇವನ್ನು ಅಡುಗೆಮನೆ ಸಾಹಿತ್ಯವೆಂದು ಮೂಗು ಮುರಿದವರು ಆ ಅಂಚುಗಳನ್ನು ನೋಡಿರಲಿಕ್ಕಿಲ್ಲ. ‘ಶರಪಂಜರ’ದ ಕೊನೆಯ ಪುಟದಲ್ಲಿ ಮಾತ್ರ ಜಗಳವಿರಲಿಲ್ಲ. ‘ಪಾಪ’ ಎಂಬ ಒಂದೇ ಮಾತು, ಮೂರು ನಾಲ್ಕು ಕೈಬರಹಗಳಲ್ಲಿ. ಅವುಗಳಲ್ಲಿ ಒಂದು ನನ್ನದು.

ಈಚೆಗೆ ಆ ಕಾದಂಬರಿಯನ್ನು ಮತ್ತೆ ಓದಿದೆ. ನಮ್ಮಲ್ಲಿ ಹೆಚ್ಚಿನವರಿಗೆ ಕಾವೇರಿ ಎಂದರೆ 1971ರ ಪುಟ್ಟಣ್ಣ ಕಣಗಾಲರ ಚಿತ್ರದ ಕಲ್ಪನಾ. ಆ ಮುಖವನ್ನು ಪಕ್ಕಕ್ಕಿಟ್ಟು ಓದುವುದು ಸುಲಭವಲ್ಲ. ಆದರೆ ಓದಿದರೆ ಬೇರೆಯೇ ಒಂದು ಕಥೆ ಕಾಣುತ್ತದೆ. ನನ್ನ ನೆನಪಿನಲ್ಲಿದ್ದದ್ದು ಹುಚ್ಚು ಹಿಡಿದ ಹೆಣ್ಣಿನ ಕಥೆ. ತ್ರಿವೇಣಿ ಬರೆದಿರುವುದು ಗುಣವಾಗಿ ಮನೆಗೆ ಬಂದ ಹೆಣ್ಣಿನ ಕಥೆ. ವೈದ್ಯರು ಗುಣವಾಯಿತೆಂದು ಕಳುಹಿಸಿದರೂ ಮನೆ ಒಪ್ಪುವುದಿಲ್ಲ. ನಕ್ಕರೂ ಅನುಮಾನ, ಅತ್ತರೂ ಅನುಮಾನ. ಗಂಡ ಸತೀಶನೇ ದೂರ ಸರಿಯುತ್ತಾನೆ. ಅವಳನ್ನು ಮತ್ತೆ ಆಸ್ಪತ್ರೆಗೆ ಕಳುಹಿಸುವುದು ರೋಗವಲ್ಲ, ನೆಂಟರಿಷ್ಟರ ನೋಟ.

ದೋಷಗಳಿಲ್ಲವೆಂದಲ್ಲ. ಮೊದಲ ಭಾಗದ ದಾಂಪತ್ಯ ಸ್ವಲ್ಪ ಹೆಚ್ಚೇ ಸಿಹಿ. ತ್ರಿವೇಣಿಯವರ ನಾಯಕಿಯರು ಚೆಲುವೆಯರಾಗದೆ ಇರಲಾರರು. ಹದಿನಾರರಲ್ಲಿ ಮೆಚ್ಚಿದ ಇಂಥವು ಈಗ ನಗು ತರಿಸುತ್ತವೆ. ಆದರೆ ಆ ಸಿಹಿಯಿಂದಲೇ ಆಮೇಲಿನ ಕಹಿ ನಾಲಗೆಗೆ ಹತ್ತುತ್ತದೆ. ಮನಶ್ಶಾಸ್ತ್ರ ಓದಿದ್ದ ಅವರು ಬಾಣಂತಿಗೆ ಬರುವ ಮನೋರೋಗವನ್ನು ದೆವ್ವವೆನ್ನದೆ, ಕರ್ಮವೆನ್ನದೆ, ಜ್ವರದ ಹಾಗೆ ಬಂದು ಹೋಗಬಹುದಾದ ಕಾಯಿಲೆಯೆಂದು ಮನೆಮನೆಯ ಹೆಂಗಸರಿಗೆ ತಿಳಿಯುವ ಕನ್ನಡದಲ್ಲಿ ಹೇಳಿದರು. ಅದೇನು ಸಣ್ಣ ಕೆಲಸವೇ? 1963ರಲ್ಲಿ, 35 ತುಂಬುವ ಮೊದಲೇ, ಹೆರಿಗೆಯಾದ ಕೆಲವೇ ದಿನಗಳಲ್ಲಿ ಅವರು ತೀರಿಕೊಂಡರೆಂಬುದು ನೆನಪಾದಾಗ ಪುಟ ತಿರುವುವ ಕೈ ನಿಲ್ಲುತ್ತದೆ.

ನನ್ನ ಕೈ ನಿಂತದ್ದಕ್ಕೆ ಇನ್ನೊಂದು ಕಾರಣವೂ ಇದೆ. ನಾನು ‘ಪಾಪ’ ಎಂದು ಬರೆದ ವರ್ಷವೇ ನಮ್ಮ ಚಿಕ್ಕಮ್ಮ ಎರಡನೆಯ ಬಾಣಂತನದ ಮೇಲೆ ಕಾಯಿಲೆ ಬಿದ್ದು, ಚಿಕಿತ್ಸೆ ಮುಗಿಸಿ ನಮ್ಮ ಮನೆಗೆ ಬಂದಿದ್ದರು. ಮಗುವನ್ನು ಅವರ ಕೈಗೆ ಕೊಡುವಾಗ ಯಾರಾದರೊಬ್ಬರು ಪಕ್ಕದಲ್ಲೇ ನಿಲ್ಲುತ್ತಿದ್ದೆವು. ಈಳಿಗೆಮಣೆ ಅವರ ಕೈಗೆ ಸಿಗದ ಹಾಗೆ ಅಟ್ಟ ಸೇರಿತ್ತು. ಒಮ್ಮೆ ಅವರು, “ಏನೇ ಓದ್ತಿದ್ದೀಯ? ನನಗೂ ಸ್ವಲ್ಪ ಕೊಡೇ” ಎಂದು ಕೇಳಿದರು. “ಇದು ಬೇಡಿ ಚಿಕ್ಕಮ್ಮ” ಎಂದು ನಾನು ಪುಸ್ತಕ ಮುಚ್ಚಿಕೊಂಡು ಎದ್ದು ಹೋದೆ. ಅದು ‘ಶರಪಂಜರ’.

ಕಾವೇರಿಗಾಗಿ ದಿಂಬು ತೋಯುವಷ್ಟು ಅತ್ತವಳು ನಾನು. ಚಿಕ್ಕಮ್ಮನ ಪಕ್ಕ ಕೂತು ಒಂದು ಅಧ್ಯಾಯ ಓದಿ ಹೇಳಲಾರದೆ ಹೋದೆ. ಬಾಣಗಳ ಪಂಜರವೆಂದು ತ್ರಿವೇಣಿ ಹೆಸರಿಟ್ಟರಲ್ಲ, ಬೈಗುಳ, ಅನುಮಾನಗಳಷ್ಟೇ ಅದರ ಬಾಣಗಳೆಂದು ತಿಳಿದಿದ್ದೆ. ‘ಪಾಪ’ ಎನ್ನುವುದೂ ಅವುಗಳಲ್ಲೊಂದು. ಗುಣವಾದವಳನ್ನು ಅದು ಎಂದೆಂದಿಗೂ ರೋಗಿಯಾಗಿಯೇ ಉಳಿಸಿಬಿಡುತ್ತದೆ.

ಚಿಕ್ಕಮ್ಮ ಈಗಿಲ್ಲ. ಬಾಡಿಗೆ ಪುಸ್ತಕದ ಅಂಗಡಿಯೂ ಇಲ್ಲ. ನಿಮ್ಮ ಮನೆಯ ಅಟ್ಟದ ಮೇಲೆ ಹಳೆಯ ತ್ರಿವೇಣಿ ಇದ್ದರೆ ಧೂಳು ಕೊಡವಿ ಇನ್ನೊಮ್ಮೆ ಓದಿ. ಅಳು ಬಂದರೆ ಬರಲಿ. ಓದಿ ಮುಗಿಸಿದ ಮೇಲೆ, ಅಂಥ ಆಸ್ಪತ್ರೆಯಿಂದ ಮನೆಗೆ ಬಂದ ಹೆಣ್ಣುಮಗಳು ನಿಮ್ಮ ಬೀದಿಯಲ್ಲಿದ್ದರೆ, ಪುಸ್ತಕ ಹಿಡಿದು ಅವಳ ಮನೆಗೇ ಹೋಗಿ. ಇಂದಿರಾ ಮಾಡಿದ್ದು ಸರಿಯೋ ತಪ್ಪೋ ಎಂದು ಅವಳೊಡನೆಯೂ ಜಗಳವಾಡಿ.