ಡಾ. ಆ. ನೇ. ಉಪಾಧ್ಯೆಯವರ ಸಂಶೋಧನೆಯಲ್ಲಿ ಅನೇಕಾಂತದೃಷ್ಟಿ

ಚಿಕ್ಕೋಡಿ ತಾಲೂಕಿನ ಸದಲಗಾ ಗ್ರಾಮದಲ್ಲಿ 1906ರಲ್ಲಿ ಜನಿಸಿ, ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಮೂರು ದಶಕಗಳಷ್ಟು ಕಾಲ ಅರ್ಧಮಾಗಧಿಯನ್ನು ಬೋಧಿಸಿ, 1975ರಲ್ಲಿ ದಿವಂಗತರಾದ ಡಾ. ಆದಿನಾಥ ನೇಮಿನಾಥ ಉಪಾಧ್ಯೆಯವರ ಹೆಸರನ್ನು ಈ ಭಾಗದ ಶ್ರಾವಕರಾದ ನಾವು ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. 1967ರಲ್ಲಿ ಶ್ರವಣಬೆಳಗೊಳದಲ್ಲಿ ಜರುಗಿದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪದವಿ ಅವರಿಗೆ ದೊರೆತುದನ್ನೂ ಸ್ಮರಿಸುತ್ತೇವೆ. ಆದರೆ ಅವರ ಗ್ರಂಥಗಳನ್ನು ತೆರೆದು ಓದಿದವರು ನಮ್ಮಲ್ಲಿ ವಿರಳ. ಅವರ ಸಂಶೋಧನೆಯ ನಿಜವಾದ ಬೆಲೆಯೇನು, ಅದರಲ್ಲಿ ಉಳಿದ ಕೊರತೆಯೇನು ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ರಾಯಚಂದ್ರ ಜೈನ ಶಾಸ್ತ್ರಮಾಲೆಯಲ್ಲಿ 1935ರಲ್ಲಿ ಪ್ರಕಟವಾದ, ಕುಂದಕುಂದಾಚಾರ್ಯರ 'ಪ್ರವಚನಸಾರ'ದ ಆವೃತ್ತಿ ಅವರ ಕೀರ್ತಿಗೆ ತಳಹದಿಯಾಯಿತು. ಅದರ ದೀರ್ಘವಾದ ಪ್ರಸ್ತಾವನೆಯಲ್ಲಿ ಆಚಾರ್ಯರ ಕಾಲನಿರ್ಣಯಕ್ಕಾಗಿ ಅವರು ಪಟ್ಟಾವಳಿ, ಶಾಸನ, ಐತಿಹ್ಯಗಳನ್ನೆಲ್ಲ ಮುಂದಿಟ್ಟುಕೊಂಡು, ವ್ಯಾಪಾರಿಯಾದವನು ಕೀರ್ದಿಯನ್ನು ಖಾತೆಯೊಡನೆ ತಾಳೆ ನೋಡುವಂತೆ ಒಂದೊಂದನ್ನೂ ಪರೀಕ್ಷಿಸಿ, ಕ್ರಿಸ್ತಶಕದ ಆರಂಭಕಾಲವೆಂಬ ನಿರ್ಣಯಕ್ಕೆ ಬಂದರು. ಪೂಜ್ಯಭಾವನೆ ಅವರಲ್ಲಿ ಕಡಿಮೆಯಿರಲಿಲ್ಲ. ಆದರೆ ಪ್ರಮಾಣವನ್ನು ಅಳೆಯುವಾಗ ಆ ಭಾವನೆಯನ್ನು ತಕ್ಕಡಿಯಲ್ಲಿ ಹಾಕಲಿಲ್ಲ.

ಈ ನಿಷ್ಠೆಯ ಕಠಿಣ ಪರೀಕ್ಷೆ ನಡೆದುದು ಯಾಪನೀಯ ಸಂಘದ ವಿಷಯದಲ್ಲಿ. ಯಾಪನೀಯ ಮುನಿಗಳು ದಿಗಂಬರರಂತೆ ನಗ್ನತ್ವವನ್ನು ಪಾಲಿಸುತ್ತಿದ್ದರು. ಆದರೆ ಶ್ವೇತಾಂಬರರಂತೆ ಸ್ತ್ರೀಗೆ ಅದೇ ಭವದಲ್ಲಿ ಮುಕ್ತಿಯುಂಟೆಂದೂ ಕೇವಲಿಗೆ ಆಹಾರವುಂಟೆಂದೂ ಒಪ್ಪಿದ್ದರು. ಕದಂಬ ಮೃಗೇಶವರ್ಮನು ಹಲಸಿಯಲ್ಲಿ, ಅಂದರೆ ಅಂದಿನ ಪಲಾಶಿಕೆಯಲ್ಲಿ, ಯಾಪನೀಯ, ನಿರ್ಗ್ರಂಥ, ಕೂರ್ಚಕ ಎಂಬ ಮೂರೂ ಪಂಗಡಗಳಿಗೆ ದಾನವಿತ್ತಿದ್ದಾನೆ. ವೈಯಾಕರಣ ಶಾಕಟಾಯನನು ಇದೇ ಸಂಘದವನು. ಕಾಗವಾಡದ 1394ರ ಶಾಸನವು ಈ ಸಂಘದ ಕೊನೆಯ ಉಲ್ಲೇಖಗಳಲ್ಲಿ ಒಂದು. ಮುಂದೆ ಸಂಘವೇ ಅಳಿದುಹೋಯಿತು.

ಅಳಿದುಹೋದ ಪಂಗಡದ ಪರವಾಗಿ ಮಾತನಾಡುವವರು ಯಾರೂ ಇರುವುದಿಲ್ಲ. ಅದರ ಅಭಿಪ್ರಾಯಗಳು ಉಳಿಯುವುದು ಬಹುಮಟ್ಟಿಗೆ ವಿರೋಧಿಗಳ ಖಂಡನೆಯಲ್ಲಿ. ದಿಗಂಬರ ಮನೆತನದಲ್ಲಿ ಹುಟ್ಟಿದ ಉಪಾಧ್ಯೆಯವರು 1933ರಲ್ಲಿ ಈ ಸಂಘವನ್ನು ಕುರಿತು ಇಂಗ್ಲಿಷಿನಲ್ಲಿ ಲೇಖನ ಬರೆದು, ನಾಲ್ಕು ದಶಕಗಳ ತರುವಾಯ, ತಮ್ಮ ಬಾಳಿನ ಕೊನೆಯ ವರ್ಷಗಳಲ್ಲಿ, ಹೆಚ್ಚಿನ ಆಧಾರಗಳೊಡನೆ ಮತ್ತೆ ಅದೇ ವಿಷಯಕ್ಕೆ ಮರಳಿದರು. ಅದೇ ಸಮದೃಷ್ಟಿಯಿಂದ ಶ್ವೇತಾಂಬರ ಉದ್ದ್ಯೋತನಸೂರಿಯ 'ಕುವಲಯಮಾಲಾ' ಎಂಬ ಪ್ರಾಕೃತ ಕಥೆಯನ್ನು ಸಂಪಾದಿಸಿ 1959 ಮತ್ತು 1970ರಲ್ಲಿ ಎರಡು ಭಾಗಗಳಾಗಿ ಪ್ರಕಟಿಸಿದರು. ಕ್ರಿ.ಶ. 779ರ ಆ ಕೃತಿಯ ಪೇಟೆಯಲ್ಲಿ ಕರ್ಣಾಟಕದ ವರ್ತಕರೂ ತಮ್ಮ ನುಡಿಯಲ್ಲಿ ಮಾತನಾಡುತ್ತಾರೆ.

ಇಲ್ಲಿ ಒಂದು ಹೋಲಿಕೆ ವಿಷಯವನ್ನು ಸ್ಪಷ್ಟಗೊಳಿಸೀತು. 'ಪ್ರವಚನಸಾರ' ಪ್ರಕಟವಾದ ಮಾಲೆಗೆ ಹೆಸರಾದ ಶ್ರೀಮದ್ ರಾಜಚಂದ್ರರನ್ನೂ ರಷ್ಯದ ಟಾಲ್‌ಸ್ಟಾಯ್ ಅವರನ್ನೂ, ತಮ್ಮ ಮೇಲೆ ಗಾಢ ಪ್ರಭಾವ ಬೀರಿದವರೆಂದು ಗಾಂಧೀಜಿ ಆತ್ಮಕಥೆಯಲ್ಲಿ ಒಟ್ಟಿಗೆ ಸ್ಮರಿಸಿದ್ದಾರೆ. ಆ ಟಾಲ್‌ಸ್ಟಾಯ್ ಮತ್ತು ಅವರ ಕಾಲದ ರಷ್ಯದ ವಿಚಾರವಂತರ ಇತಿಹಾಸವನ್ನು ಬರೆದು ಪ್ರಸಿದ್ಧರಾದವರು ಆಕ್ಸ್‌ಫರ್ಡಿನ ಐಸಾಯಾ ಬರ್ಲಿನ್. ಅವರು 1909ರಲ್ಲಿ ರೀಗಾ ಪಟ್ಟಣದಲ್ಲಿ ಜನಿಸಿದವರು. ಉಪಾಧ್ಯೆಯವರಿಗಿಂತ ಮೂರು ವರ್ಷ ಕಿರಿಯರು. 1978ರಲ್ಲಿ ಪ್ರಕಟವಾದ 'ರಷ್ಯನ್ ಥಿಂಕರ್ಸ್' ಎಂಬ ಪ್ರಬಂಧಸಂಗ್ರಹದಲ್ಲಿ ಬರ್ಲಿನ್, ತಮಗೆ ಸಮ್ಮತವಲ್ಲದ ಬಕೂನಿನ್ನನ ವಿಚಾರವನ್ನೂ ಮೊದಲು ವಿವರಿಸುತ್ತಾರೆ. ಬಳಿಕ, ವ್ಯಕ್ತಿಸ್ವಾತಂತ್ರ್ಯದ ಪ್ರಶ್ನೆಯಲ್ಲಿ ಹರ್ಜನ್ನನ ಪಕ್ಷವೇ ಏಕೆ ಹಿರಿದೆಂಬುದನ್ನು ನಿಸ್ಸಂಕೋಚವಾಗಿ ಹೇಳುತ್ತಾರೆ.

ಉಪಾಧ್ಯೆಯವರು ಮೊದಲನೆಯ ಹೆಜ್ಜೆಯಲ್ಲಿ ಯಾರಿಗೂ ಕಡಿಮೆಯಲ್ಲ. ಎರಡನೆಯ ಹೆಜ್ಜೆಯನ್ನು ಅವರು ಇಡುವುದು ಅಪರೂಪ. ಯಾಪನೀಯರನ್ನು ಕುರಿತ ಅವರ ಬರಹದ ಒಲವು ಶಾಸನ, ಗಣ, ಗುರುಪರಂಪರೆಗಳ ಸಂಗ್ರಹದ ಕಡೆಗಿದೆ. ಸ್ತ್ರೀಮುಕ್ತಿಯ ವಾದದಿಂದ ಇಂದಿನ ಆರ್ಯಿಕೆಯರ ಸ್ಥಾನಕ್ಕೆ, ನಮ್ಮ ಮನೆಯ ಹೆಣ್ಣುಮಕ್ಕಳ ಸ್ವಾಧ್ಯಾಯಕ್ಕೆ ಏನು ಅರ್ಥ ಹೊರಡುತ್ತದೆಂಬ ಪ್ರಶ್ನೆಯನ್ನು ಅವರು ಓದುಗರಿಗೇ ಬಿಟ್ಟರು. ಸಂಪಾದಕನ ಧರ್ಮ ಅಷ್ಟೇ ಎನ್ನಬಹುದು. ಆದರೆ ಅಷ್ಟು ಆಧಾರಗಳನ್ನು ಕೈಯಲ್ಲಿ ಹಿಡಿದವರು ತಮ್ಮ ಅಭಿಪ್ರಾಯವನ್ನೂ ಹೇಳಿದ್ದರೆ ಸಮಾಜಕ್ಕೆ ಹಿತವಾಗುತ್ತಿತ್ತೆಂಬುದು ನನ್ನ ಅಭಿಮತ.

ಇನ್ನೊಂದು ಕೊರತೆ ಭಾಷೆಯದು. ಅವರ ಮಹತ್ತ್ವದ ಪ್ರಸ್ತಾವನೆಗಳು ಬಹುಪಾಲು ಇಂಗ್ಲಿಷಿನಲ್ಲಿವೆ. ದೇಶವಿದೇಶಗಳ ವಿದ್ವಾಂಸರನ್ನು ತಲುಪಲು ಅದು ಅಗತ್ಯವಾಗಿತ್ತು. ಅದಕ್ಕಾಗಿ ಅವರನ್ನು ದೂರಲಾಗದು. ಅವುಗಳನ್ನು ಕನ್ನಡದ ಶ್ರಾವಕರಿಗೆ ತಲುಪಿಸುವ ಹೊಣೆ ಅವರ ಅನಂತರದವರದು. ಪಂಚಕಲ್ಯಾಣ ಮಹೋತ್ಸವಗಳಿಗೆ ಉದಾರವಾಗಿ ದ್ರವ್ಯ ಒದಗಿಸುವ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಬಸದಿ ಟ್ರಸ್ಟುಗಳು ಅದರ ಅಲ್ಪಾಂಶವನ್ನು ಶಾಸ್ತ್ರದಾನವೆಂದು ತೆಗೆದಿರಿಸಿ, 'ಪ್ರವಚನಸಾರ'ದ ಪ್ರಸ್ತಾವನೆಯನ್ನೂ ಯಾಪನೀಯ ಸಂಘದ ಲೇಖನಗಳನ್ನೂ ಒಳ್ಳೆಯ ಕನ್ನಡದಲ್ಲಿ ಮುದ್ರಿಸಬಹುದು.

ಪರಮತದ ಮಾತನ್ನು ಕೇಳುವ ತಾಳ್ಮೆಗೆ ನಾವು ಅನೇಕಾಂತವೆಂದು ಹೆಸರಿಟ್ಟಿದ್ದೇವೆ. ನಮ್ಮೊಳಗಿನ ಭಿನ್ನಮತದ ವಿಷಯದಲ್ಲಿಯೂ ಆ ತಾಳ್ಮೆ ಉಳಿಯಬೇಕು. ಸದಲಗಾದ ಈ ವಿದ್ವಾಂಸರು ಅದನ್ನು ನಾಲ್ಕು ದಶಕಗಳ ಕಾಲ ಆಚರಿಸಿ ತೋರಿಸಿದರು. ಅವರು ಬಿಟ್ಟುಹೋದ ಪ್ರಶ್ನೆಗಳನ್ನು ಬಸದಿಯ ಸ್ವಾಧ್ಯಾಯದಲ್ಲಿ, ಹೆಣ್ಣುಮಕ್ಕಳ ಸಮ್ಮುಖದಲ್ಲಿ, ನಿರ್ಭಯವಾಗಿ ಚರ್ಚಿಸುವುದೇ ಅವರಿಗೆ ಸಲ್ಲಿಸುವ ತಕ್ಕ ಗೌರವ.