ಹಾವು ಸಾಕುವವರ ಕೈಪಿಡಿಗಳು: ಒಂದು ವಿಮರ್ಶೆ

ಕಳೆದ ಚಾತುರ್ಮಾಸದ ಹೊತ್ತಿಗೆ, ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ ನೆಲೆಸಿರುವ ನನ್ನ ತಂಗಿಯಿಂದ ಒಂದು ಕಾಗದ ಬಂದಿತು. ಅದರೊಡನೆ ಹಾವು ಸಾಕುವ ಬಗೆಯನ್ನು ಹೊಸಬರಿಗೆ ತಿಳಿಸುವ ಮೂರು ಇಂಗ್ಲಿಷ್ ಕೈಪಿಡಿಗಳೂ ಇದ್ದುವು. ಆಕೆಯ ಹದಿಮೂರು ವರ್ಷದ ಮಗ 'ಬಾಲ್ ಪೈಥಾನ್' ಎಂಬ ಚಿಕ್ಕ ಜಾತಿಯ ಹೆಬ್ಬಾವನ್ನು ಸಾಕಬೇಕೆಂದು ಹಟ ಹಿಡಿದಿದ್ದಾನೆ. ಅಲ್ಲಿ ಅದು ಅಂಗಡಿಯಲ್ಲಿ ದೊರೆಯುವ ವಸ್ತು. "ಮಾವ, ನಾನು ಅದನ್ನು ಹಿಂಸಿಸುವುದಿಲ್ಲ. ಉಪವಾಸ ಕೆಡಹುವುದಿಲ್ಲ. ಅದಕ್ಕೆ ಒಳ್ಳೆಯ ಮನೆ ಕಟ್ಟಿಕೊಡುತ್ತೇನೆ. ಇದರಲ್ಲಿ ತಪ್ಪೇನು?" ಎಂದು ಹುಡುಗ ಕಾಗದದ ಕೊನೆಯಲ್ಲಿ ತನ್ನ ಕೈಯಿಂದಲೇ ಬರೆದಿದ್ದ.

ಪ್ರಶ್ನೆ ಪ್ರಾಮಾಣಿಕವಾದುದು. 'ಜೈನರ ಮನೆಯಲ್ಲಿ ಇದೆಲ್ಲ ಕೂಡದು' ಎಂದು ಗದರಿಸಿಬಿಡುವುದು ಸುಲಭ. ಆದರೆ ಗದರಿಕೆ ಉತ್ತರವಾಗಲಾರದು. ಆದುದರಿಂದ ಮೂರೂ ಪುಸ್ತಕಗಳನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ಅವುಗಳ ಗುಣದೋಷಗಳನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ. ಹೊರನಾಡುಗಳಲ್ಲಿ ಮಕ್ಕಳಿರುವ ನಮ್ಮ ಕುಟುಂಬಗಳಿಗೆ ಇಂಥ ಪ್ರಶ್ನೆ ಇಂದಲ್ಲ ನಾಳೆ ಎದುರಾಗುವಂಥದೇ.

ಮೊದಲು ಗುಣವನ್ನು ಹೇಳಬೇಕು. ಹಾವಿನ ವಾಸಸ್ಥಾನವನ್ನು ಕುರಿತ ಅಧ್ಯಾಯಗಳು ನಿಜಕ್ಕೂ ತಿಳಿವಳಿಕೆಯಿಂದ ಕೂಡಿವೆ. ಹಾವು ಶೀತರಕ್ತದ ಪ್ರಾಣಿ. ತನಗೆ ಬೇಕಾದ ಬಿಸಿಯನ್ನು ಅದು ಹೊರಗಿನಿಂದಲೇ ಪಡೆಯಬೇಕು. ಬೆಚ್ಚನೆಯ ಕಡೆ ಮೈ ಕಾಯಿಸಿಕೊಂಡು, ಸಾಕೆನಿಸಿದಾಗ ತಂಪಿಗೆ ಸರಿದು, ಹೀಗೆ ಜಾಗ ಬದಲಿಸುವುದರ ಮೇಲೆಯೇ ಅದರ ಆರೋಗ್ಯ ನಿಂತಿದೆ. ಆದ್ದರಿಂದ ಪೆಟ್ಟಿಗೆಯ ಒಂದು ತುದಿಯಲ್ಲಿ ಸುಮಾರು 31ರಿಂದ 33 ಡಿಗ್ರಿ ಸೆಲ್ಸಿಯಸ್, ಇನ್ನೊಂದು ತುದಿಯಲ್ಲಿ 25ರ ಆಸುಪಾಸು ಉಷ್ಣತೆ ಇರಬೇಕು. ಬಿಸಿ ಸಾಲದಾದರೆ ನುಂಗಿದ ಆಹಾರ ಅರಗದೆ ಹಿಂದಕ್ಕೆ ಬರುತ್ತದೆ. ಮಿತಿಮೀರಿದರೆ ಹೊಟ್ಟೆಯ ಚರ್ಮ ಸುಟ್ಟುಹೋಗುತ್ತದೆ. ಬಿಸಿ ಕೊಡುವ ಸಾಧನಕ್ಕೆ ಥರ್ಮೋಸ್ಟಾಟ್ ಕಡ್ಡಾಯವೆಂದು ಹೇಳಿರುವುದು ಈ ಕಾರಣದಿಂದಲೇ.

ಅಡಗಿಕೊಳ್ಳುವ ಗೂಡುಗಳು ಎರಡು ಇರಬೇಕು, ತುದಿಗೊಂದರಂತೆ. ಒಂದೇ ಗೂಡಿದ್ದರೆ ಹಾವು ಬಿಸಿ ಬೇಕೋ ಅಭಯ ಬೇಕೋ ಎಂದು ಎರಡರಲ್ಲಿ ಒಂದನ್ನು ಬಿಡಬೇಕಾಗುತ್ತದೆ. ಗಾಳಿಯ ತೇವ ನೂರಕ್ಕೆ 60ರ ಸುಮಾರು ಇರಬೇಕು. ಒಣಗಿದರೆ ಪೊರೆ ಇಡಿಯಾಗಿ ಕಳಚದೆ ತುಂಡಾಗಿ ಕಣ್ಣಿನ ಮೇಲೆಯೇ ಉಳಿದುಬಿಡುವುದುಂಟು. ಥಂಡಿಯೂ ಶೀತವೂ ಕೂಡಿದರೆ ಶ್ವಾಸಕೋಶಕ್ಕೆ ರೋಗ. ನೆಲಕ್ಕೆ ತೆಂಗಿನ ನಾರಿನ ಪುಡಿಯಾಗಬಹುದು, ಸೀಡರ್ ಮರದ ಹೊಟ್ಟು ಅದರ ಎಣ್ಣೆಯ ಘಾಟಿನಿಂದ ಹಾನಿಕರ. ಮುಚ್ಚಳಕ್ಕೆ ಬೀಗ, ಮೈ ಮುಳುಗುವಷ್ಟು ಅಗಲದ ನೀರಿನ ಬೋಗುಣಿ, ಮುಟ್ಟಿದವರು ಸಾಲ್ಮೊನೆಲ್ಲಾ ಸೋಂಕು ತಗಲದಂತೆ ಕೈ ತೊಳೆಯುವ ನಿಯಮ, ಇವೆಲ್ಲವೂ ಇವೆ. ಹಾವನ್ನು ತರುವುದಕ್ಕೆ ಮುಂಚೆಯೇ ಪೆಟ್ಟಿಗೆಯನ್ನು ಸಿದ್ಧಪಡಿಸಿ, ಕೆಲವು ದಿನ ಬಿಸಿಯನ್ನೂ ತೇವವನ್ನೂ ಅಳೆದು ನೋಡಬೇಕೆಂಬ ಮಾತು ಅತ್ಯಂತ ಯೋಗ್ಯವಾದುದು. ಒಂದು ಮೂಕಜೀವಿಯ ಅಗತ್ಯಗಳನ್ನು ಇಷ್ಟು ಸೂಕ್ಷ್ಮವಾಗಿ ಗಮನಿಸಿದವರನ್ನು ನಿರ್ದಯರೆನ್ನಲಾಗದು.

ಇನ್ನು ದೋಷಗಳಿಗೆ ಬರೋಣ. ಮೊದಲನೆಯದು ಭಾಷೆಯದು. ಮೂರು ಪುಸ್ತಕಗಳೂ ಈ ಹಾವನ್ನು 'ಹೊಸಬರಿಗೆ ತಕ್ಕುದು', 'ಸಾಧು', 'ಹೆಚ್ಚು ಆರೈಕೆ ಬೇಡದ್ದು' ಎಂದು ವರ್ಣಿಸುತ್ತವೆ. ಹೆದರಿದಾಗ ಅದು ಕಚ್ಚುವ ಬದಲು ತಲೆಯನ್ನು ಒಳಗಿಟ್ಟು ಚೆಂಡಿನಂತೆ ಸುರುಳಿ ಸುತ್ತಿಕೊಳ್ಳುತ್ತದೆ. 'ಬಾಲ್' ಎಂಬ ಹೆಸರು ಬಂದದ್ದೇ ಅದರಿಂದ. ಎಂದರೆ, ನಾವು ಯಾವುದನ್ನು ಸಾಧುತನವೆಂದು ಮೆಚ್ಚುತ್ತೇವೆಯೋ ಅದರಲ್ಲಿ ಬಹುಪಾಲು ಭಯ. ಪ್ರಾಣಿಯ ಭಯವನ್ನು ಅದರ ಸದ್ಗುಣವೆಂದು ಮಾರುವ ಮಾತನ್ನು ವಿವೇಕಿಗಳು ಎಚ್ಚರಿಕೆಯಿಂದ ಓದಬೇಕು. 'ಹೆಚ್ಚು ಆರೈಕೆ ಬೇಡ' ಎಂಬ ಮಾತಂತೂ ಅದೇ ಪುಸ್ತಕದ ಮುಂದಿನ ನಲವತ್ತು ಪುಟಗಳಿಗೆ ವಿರುದ್ಧವಾಗಿದೆ.

ಎರಡನೆಯ ದೋಷ ಅಳತೆಯದು. 'ಹಾವಿಗೆ ದೊಡ್ಡ ಜಾಗದಲ್ಲಿ ಗಾಬರಿಯಾಗುತ್ತದೆ, ಇಕ್ಕಟ್ಟೇ ಅದಕ್ಕೆ ಹಿತ' ಎಂದು ಎರಡು ಪುಸ್ತಕಗಳು ಅಧಿಕಾರವಾಣಿಯಿಂದ ಹೇಳುತ್ತವೆ. ಬೆಳೆದ ಬಾಲ್ ಪೈಥಾನ್ ಮೂರರಿಂದ ಐದು ಅಡಿ ಉದ್ದವಿರುತ್ತದೆ. ಅವರು ಹೇಳುವ ಪೆಟ್ಟಿಗೆಯಲ್ಲಿ ಅದು ಮೈ ನೀಡಿ ಮಲಗಲಾರದು. ಇಲ್ಲಿ ತರ್ಕ ಜಾರಿದೆ. ಮರೆಯಿಲ್ಲದ ಬಯಲಿನಲ್ಲಿ ಹಾವು ಅಂಜುವುದು ನಿಜ. ಅದಕ್ಕೆ ಪರಿಹಾರ ಮರೆಯನ್ನು ಹೆಚ್ಚಿಸುವುದು. ಜಾಗವನ್ನು ಕಡಿಮೆ ಮಾಡುವುದು ಅದಕ್ಕೆ ಮದ್ದಲ್ಲ. 2021ರಲ್ಲಿ ಇಂಗ್ಲೆಂಡಿನ ಲಿಂಕನ್ ವಿಶ್ವವಿದ್ಯಾಲಯದವರು ಕಾರ್ನ್ ಸ್ನೇಕ್ ಎಂಬ ಜಾತಿಯ ಹಾವುಗಳನ್ನು ಚಿಕ್ಕ ಮತ್ತು ದೊಡ್ಡ ಗೂಡುಗಳಲ್ಲಿಟ್ಟು ಪರೀಕ್ಷಿಸಿದಾಗ, ದೊಡ್ಡ ಗೂಡಿನಲ್ಲಿ ಅವು ಹೆಚ್ಚು ಚಟುವಟಿಕೆಯಿಂದಿದ್ದುವು, ಮೈಯನ್ನು ಪೂರ್ತಿ ಚಾಚಿದುವು. ಆಯ್ಕೆ ಕೊಟ್ಟಾಗ ದೊಡ್ಡದನ್ನೇ ಮೆಚ್ಚಿದುವು. ಅದೇ ವರ್ಷ ಜರ್ಮನಿಯ ಪಶುವೈದ್ಯರು ಬಾಲ್ ಪೈಥಾನುಗಳನ್ನೇ ಅಭ್ಯಸಿಸಿ, ಕಪಾಟಿನ ಖಾನೆಗಳಂಥ ಪೆಟ್ಟಿಗೆಗಳಲ್ಲಿ ಅವು ಹತ್ತಲಾರವು, ನೆಲ ತೋಡಲಾರವು, ಒಂದೇ ಚಲನೆಯನ್ನು ಅರ್ಥವಿಲ್ಲದೆ ಮರಳಿ ಮರಳಿ ಮಾಡುವುದೂ ಅಲ್ಲಿ ಕಾಣುತ್ತದೆ ಎಂದು ತೋರಿಸಿದರು. ಖಾನೆಗಳು ಹುಟ್ಟಿದ್ದು ನೂರಾರು ಮರಿಗಳನ್ನು ಮಾರಾಟಕ್ಕೆ ಬೆಳೆಸುವವರ ಅನುಕೂಲಕ್ಕೆ. ವ್ಯಾಪಾರಿಯ ಅನುಕೂಲವು ಪುಸ್ತಕಕ್ಕೆ ಬಂದಾಗ ಹಾವಿನ ಇಷ್ಟವೆಂಬ ವೇಷ ತೊಟ್ಟಿದೆ. ನಾಲ್ಕಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರಕ್ಕೆ ಕಡಿಮೆಯಾಗಬಾರದೆಂದು ಈಗಿನ ತಿಳಿದವರು ಹೇಳುತ್ತಾರೆ. ಮೂರನೆಯ ಕೈಪಿಡಿ ಮಾತ್ರ ಇದನ್ನು ಒಪ್ಪಿದೆ.

ಮೂರನೆಯ ದೋಷ ಎಲ್ಲಕ್ಕಿಂತ ಗುರುತರವಾದುದು. ಆಹಾರದ ವಿಷಯ ಪುಸ್ತಕದ ಕೊನೆಯಲ್ಲಿ, ದೀಪ ಮತ್ತು ಅಲಂಕಾರದ ಗಿಡಗಳಾದ ಮೇಲೆ ಬರುತ್ತದೆ. ಹಾವು ಶುದ್ಧ ಮಾಂಸಾಹಾರಿ. ಹಾಲು, ಅನ್ನ, ಹಣ್ಣು ಯಾವುದನ್ನೂ ತಿಂದು ಅದು ಬದುಕದು. ಅದಕ್ಕಾಗಿ ಇಲಿಗಳನ್ನು ಬೆಳೆಸಿ, ಕೊಂದು, ಮಂಜಿನಲ್ಲಿಟ್ಟು ಮಾರುತ್ತಾರೆ. ಮನೆಯವರು ಅದನ್ನು ಫ್ರೀಜರಿನಲ್ಲಿ ಇಟ್ಟುಕೊಂಡು, ಕರಗಿಸಿ, ಇಕ್ಕಳದಿಂದ ಹಿಡಿದು ನೀಡಬೇಕು. ಬೆಳೆದ ಹಾವಿಗೆ ಹದಿನೈದು ದಿನಕ್ಕೊಂದರಂತೆ ಲೆಕ್ಕ ಹಿಡಿದರೂ ಇಪ್ಪತ್ತೈದು ವರ್ಷಕ್ಕೆ 600ಕ್ಕೂ ಹೆಚ್ಚು ಜೀವಗಳಾದುವು. ನನ್ನ ತಂಗಿಯ ಮನೆಯಲ್ಲಿ ಈರುಳ್ಳಿ ಬೆಳ್ಳುಳ್ಳಿಯನ್ನೂ ತರುವುದಿಲ್ಲ.

ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಬಂಧವೂ ಒಂದು, ಅನ್ನಪಾನನಿರೋಧವೂ ಒಂದು. ಹಾವನ್ನು ಪೆಟ್ಟಿಗೆಯಲ್ಲಿಟ್ಟರೆ ಬಂಧ. ಇಟ್ಟಮೇಲೆ ಅದರ ಆಹಾರ ಕೊಡದಿದ್ದರೆ ಅನ್ನಪಾನನಿರೋಧ. ಕೊಟ್ಟರೆ ಮತ್ತೊಂದು ಜೀವದ ವಧೆಗೆ ಅನುಮೋದನೆ. ಕಾಡಿನ ಹಾವು ಇಲಿಯನ್ನು ಹಿಡಿದರೆ ಅದು ಅದರ ಸ್ವಭಾವ. ಅಲ್ಲಿ ನಾವು ಕರ್ತೃಗಳಲ್ಲ, ಕಾರಯಿತೃಗಳೂ ಅಲ್ಲ. ಪೆಟ್ಟಿಗೆಯ ಬಾಗಿಲು ಹಾಕಿದ ಕ್ಷಣದಿಂದ ಅದರ ಪ್ರತಿಯೊಂದು ತುತ್ತಿಗೂ ನಾವು ಕಾರಣರಾಗುತ್ತೇವೆ. 'ಒಳ್ಳೆಯ ಮನೆ ಕಟ್ಟಿಕೊಡುತ್ತೇನೆ' ಎಂಬ ಹುಡುಗನ ಮಾತಿನಲ್ಲಿರುವ ಕರುಣೆ ನಿಜವಾದುದೇ. ಆದರೆ ಮನೆ ಎಷ್ಟು ಒಳ್ಳೆಯದಾದರೂ ಈ ಸಿಕ್ಕನ್ನು ಬಿಡಿಸಲಾರದು.

ನಾಲ್ಕನೆಯದು ಕಾಲದ ವಿಚಾರ. ಚೆನ್ನಾಗಿ ನೋಡಿಕೊಂಡರೆ ಈ ಹಾವು ಇಪ್ಪತ್ತರಿಂದ ಮೂವತ್ತು ವರ್ಷ ಬದುಕುತ್ತದೆ. ಅಮೆರಿಕದ ಸೇಂಟ್ ಲೂಯಿಸ್ ಮೃಗಾಲಯದಲ್ಲಿ 1961ರಿಂದ ಇದ್ದ ಒಂದು ಬಾಲ್ ಪೈಥಾನ್, 2020ರಲ್ಲಿ, ಅರವತ್ತು ದಾಟಿದ ವಯಸ್ಸಿನಲ್ಲಿ ಮೊಟ್ಟೆ ಇಟ್ಟಿತು. ಹದಿಮೂರರ ಹುಡುಗ ಹದಿನೆಂಟಕ್ಕೆ ಕಾಲೇಜಿಗೆ ಊರು ಬಿಡುತ್ತಾನೆ. ಆಮೇಲೆ ಇಕ್ಕಳ ಹಿಡಿಯುವವಳು ಅವನ ತಾಯಿ. ಬೇಸತ್ತು ಹೊರಗೆ ಬಿಡುವುದೂ ಪಾಪವೇ. ಸಾಕಿದವರ ಕೈತಪ್ಪಿದ ಬರ್ಮಾ ಹೆಬ್ಬಾವುಗಳು ಫ್ಲಾರಿಡಾದ ಎವರ್‌ಗ್ಲೇಡ್ಸ್ ಜೌಗಿನಲ್ಲಿ ಬೆಳೆದು ಅಲ್ಲಿಯ ಪ್ರಾಣಿಗಳನ್ನು ನಾಶಮಾಡುತ್ತಿರುವುದು ಎಲ್ಲರಿಗೂ ತಿಳಿದಿದೆ. ಇನ್ನು ಈ ಹಾವಿನ ನಿಜವಾದ ಮನೆ ಪಶ್ಚಿಮ ಹಾಗೂ ಮಧ್ಯ ಆಫ್ರಿಕಾದ ಹುಲ್ಲುಗಾಡು, ಇಲಿಗಳ ಬಿಲ, ಗೆದ್ದಲ ಹುತ್ತ. ಘಾನಾ, ಟೋಗೋ, ಬೆನಿನ್ ದೇಶಗಳಲ್ಲಿ ಬಸುರಿ ಹಾವುಗಳನ್ನೂ ಮೊಟ್ಟೆಗಳನ್ನೂ ಕಾಡಿನಿಂದ ಸಂಗ್ರಹಿಸಿ ಮರಿ ಮಾಡಿಸಿ ರಫ್ತು ಮಾಡುವ ವ್ಯಾಪಾರ ಬಹು ಕಾಲದಿಂದ ನಡೆದುಬಂದಿದೆ. ಇದರ ಬಗ್ಗೆ ಮೂರು ಪುಸ್ತಕಗಳಲ್ಲಿ ಒಂದು ಪುಟವೂ ಇಲ್ಲ.

ಹೊರಗಿನವರನ್ನಷ್ಟೇ ಟೀಕಿಸಿ ಮುಗಿಸಿದರೆ ನ್ಯಾಯವಾಗದು. ನಮ್ಮ ನಾಡಿನಲ್ಲಿ ನಾಗರಪಂಚಮಿಯಂದು ಬುಟ್ಟಿಯಲ್ಲಿ ಬಂದ ಹಾವುಗಳಿಗೆ ಹಲ್ಲು ಕಿತ್ತಿರುತ್ತಿದ್ದುದನ್ನು ಕಂಡೂ ಹಾಲೆರೆದವರು ನಾವೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ನಾಗರ, ಕೇರೆ, ಹೆಬ್ಬಾವುಗಳನ್ನು ಹಿಡಿದಿಟ್ಟುಕೊಳ್ಳುವಂತಿಲ್ಲ. ವಿದೇಶಿ ಹಾವುಗಳನ್ನು ಇಟ್ಟುಕೊಂಡವರಿಗೂ 2022ರ ತಿದ್ದುಪಡಿಯ ಮೇಲೆ ನೋಂದಣಿ ಅಗತ್ಯವಾಗಿದೆ. ಕಾನೂನಿಗೆ ಮುಂಚೆಯೇ ತುಳುನಾಡಿನ ನಾಗಬನದಲ್ಲಿ ಒಂದು ಒಳ್ಳೆಯ ಪದ್ಧತಿಯಿತ್ತು: ಮರ ಕಡಿಯದೆ, ಹುತ್ತ ಕೆಡವದೆ, ಒಂದಿಷ್ಟು ನೆಲವನ್ನು ಹಾವಿಗೆಂದು ಬಿಟ್ಟು ಮನುಷ್ಯ ಹೊರಗೆ ನಿಲ್ಲುತ್ತಿದ್ದ. ಈಗ ಅನೇಕ ಬನಗಳು ಸಿಮೆಂಟಿನ ಕಟ್ಟೆಗಳಾಗಿವೆ. ಭಗವಾನ್ ಪಾರ್ಶ್ವನಾಥರ ಬಿಂಬಕ್ಕೆ ಹೆಡೆಯ ನೆರಳನ್ನು ನಿತ್ಯ ಕಂಡು ಕೈಮುಗಿಯುವ ಬಸದಿಗಳ ಆಡಳಿತ ಮಂಡಳಿಗಳು, ಅಂಗಳಕ್ಕೆ ಹಾಸುಗಲ್ಲು ಹೊದಿಸುವಾಗ ಮೂಲೆಯ ಹುತ್ತವನ್ನೂ ಹಳೆಯ ಮರವನ್ನೂ ಉಳಿಸಬಾರದೇಕೆ? ಒಳಗೆ ಹಾವು ಬಂದರೆ ಹೊಡೆಯದೆ, ಹಿಡಿದಿಡದೆ, ಅರಣ್ಯ ಇಲಾಖೆಗೆ ತಿಳಿಸುವ ಏರ್ಪಾಡು ಪ್ರತಿ ಕ್ಷೇತ್ರದಲ್ಲಿಯೂ ಇರಬೇಕು.

ಹುಡುಗನಿಗೆ ನಾನು ಬರೆದ ಉತ್ತರ ಇಷ್ಟು: ಕೊಳ್ಳಬೇಡ, ಕೊಂಡರೆ ಇನ್ನೊಂದನ್ನು ತರಿಸುವ ಕೈಗೆ ಹಣ ಕೊಟ್ಟಂತಾಗುತ್ತದೆ. ಯಾರ ಮನೆಯಲ್ಲಿಯಾದರೂ ಈಗಾಗಲೇ ಹಾವಿದ್ದರೆ, ಈ ಕೈಪಿಡಿಗಳ ಮೂರನೆಯದನ್ನು ಅವರಿಗೆ ಕೊಡು. ಬಿಸಿ, ಮರೆ, ತೇವ, ಮೈ ಚಾಚುವಷ್ಟು ಜಾಗ ಇವುಗಳಲ್ಲಿ ಒಂದೂ ಕಡಿಮೆಯಾಗದಂತೆ ನೋಡಲು ಹೇಳು. ಬಂಧನವನ್ನು ಬಿಡಿಸಲಾಗದಲ್ಲಿ ಅದರ ನೋವನ್ನು ತಗ್ಗಿಸುವುದು ಕರ್ತವ್ಯ. ನಿನಗೆ ಹಾವಿನ ಮೇಲೆ ಪ್ರೀತಿಯಿದ್ದರೆ ಅದನ್ನು ಓದಿ ತಿಳಿ, ಅದರ ನೆಲದಲ್ಲಿ ನೋಡು.

ಅವನ ಮರುಪತ್ರ ಬಂದಿದೆ. "ಮಾವ, ಸದ್ಯಕ್ಕೆ ಹಾವು ಬೇಡ. ಆದರೆ ಅಜ್ಜಿ ಊರಿನಲ್ಲಿ ಬೆಕ್ಕು ಸಾಕಿದ್ದರಲ್ಲ, ಅದು ಕಣಜದ ಇಲಿ ಹಿಡಿಯುತ್ತಿರಲಿಲ್ಲವೇ?" ಎಂದು ಕೇಳಿದ್ದಾನೆ. ಹಿಡಿಯುತ್ತಿತ್ತು. ಕಣಜ ಉಳಿಯಲೆಂದೇ ನಾವು ಅದನ್ನು ಸಾಕಿದ್ದೆವು. ಬೆಕ್ಕು ಮೊದಲಾದ ಹಿಂಸ್ರಪ್ರಾಣಿಗಳನ್ನು ಸಾಕುವುದನ್ನು ಸ್ವಾಮಿಕಾರ್ತಿಕೇಯರ ಅನುಪ್ರೇಕ್ಷಾ ಗ್ರಂಥವು ಅನರ್ಥದಂಡದಲ್ಲಿ ಎಣಿಸಿರುವುದನ್ನು ನಾನು ಎಷ್ಟೋ ಸಲ ಓದಿದ್ದೆ. ನಮ್ಮ ಮನೆಯ ಬೆಕ್ಕಿಗೆ ಅದು ಅನ್ವಯಿಸುತ್ತದೆಂದು ಒಮ್ಮೆಯೂ ಯೋಚಿಸಿರಲಿಲ್ಲ. ಹಾಗೆಂದೇ ಅವನಿಗೆ ಬರೆಯುತ್ತಿದ್ದೇನೆ.