ಗಾಳಿಗೆ ಹೊರಿಸಿದ ತಪ್ಪು

ಹಳೆಯ ಅಂಬಾಸಿಡರ್‌ನ ಬ್ರೇಕ್ ಪೆಡಲ್ ಒಂದಿಷ್ಟು ಕೆಳಗಿಳಿದರೆ ಸಾಕು, ಗ್ಯಾರೇಜಿನಲ್ಲಿ ಮೊದಲ ಮಾತು 'ಏರ್ ತೆಗೀಬೇಕು ಸಾರ್'. ಹುಡುಗನೊಬ್ಬ ಸೀಟೇರಿ ತುಳಿಯುತ್ತಾನೆ, ಮೇಸ್ತ್ರಿ ಚಕ್ರದ ಹಿಂದೆ ಮಲಗಿ ನಿಪ್ಪಲ್ ಸಡಿಲಿಸುತ್ತಾನೆ. 'ಹೊಡಿ, ಹೊಡಿ, ಹಿಡ್ಕೋ.' ಪೈಪು ಬಿಚ್ಚಿದ್ದರೆ, ವೀಲ್ ಸಿಲಿಂಡರ್ ಬದಲಿಸಿದ್ದರೆ ಈ ಕೆಲಸ ಆಗಲೇಬೇಕು, ತಕರಾರಿಲ್ಲ. ಆದರೆ ರೋಗಪರೀಕ್ಷೆಯೂ ಇದೇ, ಔಷಧವೂ ಇದೇ ಎಂದು ಹಳೆ ಕಾರಿನ ಮೋಹಿಗಳು ಇದಕ್ಕೆ ಕೊಟ್ಟಿರುವ ಪಟ್ಟ ಅತಿಯಾಯಿತು.

ಈ ಪಟ್ಟವೆಲ್ಲ ನಿಂತಿರುವುದು ಒಂದೇ ವಾದದ ಮೇಲೆ: ಎರಡನೇ ಸಲ ತುಳಿದಾಗ ಪೆಡಲ್ ಮೇಲೆ ಬಂತು, ಆದ್ದರಿಂದ ಲೈನಿನಲ್ಲಿ ಗಾಳಿಯಿದೆ. ಇದನ್ನು ಕೊಂಚ ಕೆದಕಬೇಕು. ನಾಲ್ಕೂ ಚಕ್ರಕ್ಕೆ ಡ್ರಮ್ ಇರುವ ಕಾರಿನಲ್ಲಿ ಲೈನರ್ ಸವೆದಷ್ಟೂ ಶೂಗೂ ಡ್ರಮ್ಮಿಗೂ ನಡುವಿನ ಸಂದು ದೊಡ್ಡದಾಗುತ್ತದೆ. ಮೊದಲ ಸಲ ತುಳಿದಾಗ ಹೋದ ಆಯಿಲ್ ಶೂಗಳನ್ನು ಆ ಸಂದು ದಾಟಿಸುವುದರಲ್ಲೇ ಖರ್ಚಾಗುತ್ತದೆ. ಕಾಲೆತ್ತಿ ತಟ್ಟನೆ ಮತ್ತೆ ತುಳಿದರೆ, ಸ್ಪ್ರಿಂಗು ಶೂಗಳನ್ನು ಪೂರ್ತಿ ಹಿಂದಕ್ಕೆಳೆಯುವ ಮೊದಲೇ ಮಾಸ್ಟರ್ ಸಿಲಿಂಡರ್ ಇನ್ನೊಂದಿಷ್ಟು ಆಯಿಲ್ ನೂಕಿರುತ್ತದೆ. ಪೆಡಲ್ ಮೇಲೇ ನಿಲ್ಲುತ್ತದೆ. ಇದಕ್ಕೆ ಒಂದೇ ಒಂದು ಗುಳ್ಳೆಯೂ ಬೇಕಿಲ್ಲ. ಹಾಗಾಗಿ ಗಮನಿಸಬೇಕಾದ್ದು ಪೆಡಲ್ ಎಲ್ಲಿ ನಿಂತಿತು ಅನ್ನುವುದನ್ನಲ್ಲ, ಹೇಗೆ ನಿಂತಿತು ಅನ್ನುವುದನ್ನು. ಗಟ್ಟಿಯಾಗಿ ನಿಂತರೆ ಸಂದು; ಮೆತ್ತಗೆ ಅದುಮಿಕೊಂಡರೆ ಗಾಳಿ. ಅನುಮಾನವಿದ್ದರೆ ನಾಲ್ಕೂ ಚಕ್ರದ ಅಡ್ಜಸ್ಟರ್‌ಗಳನ್ನು ಬಿಗಿದು, ಡ್ರಮ್ ತಿರುಗದಂತೆ ಮಾಡಿ ತುಳಿಯಿರಿ. ಪೆಡಲ್ ಮೇಲೇ ಗಟ್ಟಿಯಾಯಿತೋ, ನಿಪ್ಪಲ್ಲಿನ ತಂಟೆಗೇ ಹೋಗಬೇಡಿ.

ಬೇಬಿ ಹಿಂದುಸ್ತಾನ್‌ಗೆ ಮೂಲವಾದ ಮಾರಿಸ್ ಮೈನರ್‌ನಲ್ಲಿ ಮುಂದಿನ ಒಂದೊಂದು ಚಕ್ರಕ್ಕೂ ಎರಡು ಅಡ್ಜಸ್ಟರ್. ಡ್ರಮ್ಮಿನ ತೂತಿನಲ್ಲಿ ಸ್ಕ್ರೂಡ್ರೈವರ್ ತೂರಿಸಿ, ಶೂ ತಾಗುವವರೆಗೆ ಬಿಗಿದು, ಒಂದು ಹಲ್ಲು ಸಡಿಲಿಸಬೇಕು. ಇನ್ನೊಂದು ಕಾಣಬೇಕಾದರೆ ಚಕ್ರ ಅರ್ಧ ಸುತ್ತು ತಿರುಗಬೇಕು. ಆ ಅರ್ಧ ಸುತ್ತು ಮರೆತವರು ಡಬ್ಬಿಗಟ್ಟಲೆ ಆಯಿಲ್ ಹರಿಸಿದರೂ ಪೆಡಲ್ ಏರುವುದಿಲ್ಲ.

ತುಳಿಯುವುದರಿಂದ ಕೆಡುವುದೂ ಉಂಟು. ಹಳೆಯ ಮಾಸ್ಟರ್ ಸಿಲಿಂಡರ್‌ನಲ್ಲಿ ಪಿಸ್ಟನ್ ದಿನವೂ ಓಡಾಡುವಷ್ಟು ಜಾಗ ನುಣುಪು, ಅದರಾಚೆ ತುಕ್ಕು. ಉತ್ಸಾಹದಲ್ಲಿ ಪೆಡಲನ್ನು ನೆಲಕ್ಕೆ ಬಡಿದಾಗ ರಬ್ಬರ್ ಕಪ್ಪು ಆ ತುಕ್ಕಿನ ಮೇಲೆ ಉಜ್ಜಿ ಹರಿಯುತ್ತದೆ. ಆಮೇಲೆ ಕಾಲಿಟ್ಟು ಒಂದೇ ಸಮ ಒತ್ತಿ ಹಿಡಿದರೆ ಪೆಡಲ್ ಮೆಲ್ಲಗೆ ಇಳಿಯುತ್ತದೆ. ಹೊರಗೆ ಹನಿಯೂ ಸೋರಿರುವುದಿಲ್ಲ. ಆಗಲೂ ಕೇಳಿಬರುವ ಮಾತು 'ಇನ್ನೂ ಏರ್ ಇದೆ'! ಪೆಡಲ್ ಕೆಳಗೆ ಮರದ ತುಂಡೊಂದನ್ನು ಇಟ್ಟಿದ್ದರೆ ಇಷ್ಟು ರಾಮಾಯಣ ಇರುತ್ತಿರಲಿಲ್ಲ.

ಹಳೆಯ ಪದ್ಧತಿಯನ್ನು ಹಳಿಯುವ ವ್ಯಾಕ್ಯೂಮ್ ಪಂಪಿನ ಪಂಡಿತರೂ ನನ್ನ ಪಕ್ಷದವರಲ್ಲ. ಅವರ ಪಂಪು ಸಡಿಲಿಸಿದ ನಿಪ್ಪಲ್ಲಿನ ಮರೆಯ ಸುತ್ತಲಿಂದ ಹೊರಗಿನ ಗಾಳಿಯನ್ನೇ ಎಳೆದುಕೊಳ್ಳುತ್ತದೆ. ಟ್ಯೂಬಿನಲ್ಲಿ ಗುಳ್ಳೆ ನಿಲ್ಲುವುದೇ ಇಲ್ಲ, ಅವರ ಕೆಲಸವೂ ಮುಗಿಯುವುದಿಲ್ಲ. ಇನ್ನು ಸಿಲಿಕೋನ್ ಪಂಥ. ಡಾಟ್ 5 ಪೇಂಟ್ ತಿನ್ನುವುದಿಲ್ಲ, ನೀರು ಹೀರುವುದಿಲ್ಲ ಎಂದು ಅವರು ಹೇಳುವುದು ಸರಿಯೇ. ಆದರೆ ಒಳಹೊಕ್ಕ ನೀರು ಎಲ್ಲಿಗೂ ಹೋಗುವುದಿಲ್ಲ: ಬೆರೆಯದೆ ತಗ್ಗಿನಲ್ಲಿ, ಅಂದರೆ ವೀಲ್ ಸಿಲಿಂಡರ್‌ನಲ್ಲೇ, ನಿಂತು ತುಕ್ಕು ಹಿಡಿಸುತ್ತದೆ. ಸಣ್ಣ ಗುಳ್ಳೆಗಳು ಸಿಲಿಕೋನಿನಿಂದ ಬೇಗ ಬಿಡುವುದೂ ಇಲ್ಲ. ಗ್ಲೈಕಾಲ್ ಜಾತಿಯ ಡಾಟ್ 4 ನೀರು ಹೀರುತ್ತದೆ ನಿಜ. ಅದರ ಕುದಿಬಿಂದುವಿಗಿರುವ ಕನಿಷ್ಠ ಮಿತಿ ಹೊಸದಕ್ಕೆ 230 ಡಿಗ್ರಿ ಸೆಲ್ಸಿಯಸ್, ತೇವ ಹೀರಿದ್ದಕ್ಕೆ 155. ಆದರೂ ನನ್ನ ಮತ ಅದಕ್ಕೇ, ಎರಡು ವರ್ಷಕ್ಕೊಮ್ಮೆ ಬದಲಿಸುವ ಷರತ್ತಿನ ಮೇಲೆ. ಆ ದಿನ ಹುಡುಗ ಸೀಟೇರಲಿ, ಮೇಸ್ತ್ರಿ ನಿಪ್ಪಲ್ ಬಿಚ್ಚಲಿ, ಬೇಡ ಅನ್ನುವವರು ಯಾರು?